ತುಂಬು ಕಡೆಗೂ ಶ್ರುತಿಯಲ್ಲಿ ನಿಂತಿತು

ತುಂಬು ಅಂದರೆ ಇಟಲಿಯ ಸಾರ್ಡೀನಿಯಾ ದ್ವೀಪದ ಲೌನೆಡ್ಡಾಸ್ ಎಂಬ ಊದುವಾದ್ಯದ ಶ್ರುತಿ ಕೊಳವೆ. ನಾನೇ ಮಾಡಿದ ತುಂಬು ನಿನ್ನೆ ರಾತ್ರಿ ಹನ್ನೊಂದೂವರೆಗೆ ಶ್ರುತಿ ಹಿಡಿದು ನಿಂತಿತು. ಒಂದೆರಡು ನಿಮಿಷವಲ್ಲ, ಬರೋಬ್ಬರಿ 20 ನಿಮಿಷ. ಟ್ಯೂನರ್ ಮುಳ್ಳು 3 ಸೆಂಟ್‌ಗಿಂತ ಆಚೀಚೆ ಹೋಗಲಿಲ್ಲ (ಪಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್). ಮೂರು ತಿಂಗಳು ಕಾದ ಸ್ವರ ಇದು, ಖುಷಿಗೆ ನಿದ್ದೆಯೇ ಬರಲಿಲ್ಲ.

ಇದಕ್ಕೆಲ್ಲ ಕಾರಣ ಗವೀನೊ ಮುರ್ಜಾ. ಸಾರ್ಡೀನಿಯಾ ದ್ವೀಪದ ನುವೊರೊ ಊರಿನ ಸ್ಯಾಕ್ಸೊಫೋನ್ ವಾದಕ. ಲೆಬನಾನಿನ ಊದ್ (ಒಂದು ತಂತಿವಾದ್ಯ) ವಾದಕ ರಬೀಹ್ ಅಬು ಖಲೀಲ್ ಜೊತೆ 2012ರ 'ಹಂಗ್ರಿ ಪೀಪಲ್' ಆಲ್ಬಮ್ಮಿನಲ್ಲಿ ಅವರನ್ನು ಕೇಳಿದವರಿಗೆ ಆ ನಾದ ಗೊತ್ತಿರುತ್ತದೆ. ಜಾಝ್ ನುಡಿಸುತ್ತಾ ನುಡಿಸುತ್ತಾ ಮನುಷ್ಯ ತನ್ನೂರಿನ ಬೆಟ್ಟಕ್ಕೇ ಹೋಗಿ ನಿಲ್ಲುತ್ತಾರೆ. ಸ್ಯಾಕ್ಸ್ ಕೆಳಗಿಟ್ಟು ಲೌನೆಡ್ಡಾಸ್ ಊದುತ್ತಾರೆ, ಅದನ್ನೂ ಬಿಟ್ಟು ಗಂಟಲಾಳದಿಂದ 'ಬಾಸ್ಸು' ಹಾಡುತ್ತಾರೆ. ನಾಲ್ಕು ಗಂಡಸರು ಸುತ್ತ ನಿಂತು ಹಾಡುವ 'ಕಾಂತು ಆ ತೆನೋರೆ'ಯ ತಳದ ದನಿ ಅದು. ಜಾಝ್ ಮೇಲೆ ಹಳ್ಳಿ ವಾದ್ಯವನ್ನು ಅಲಂಕಾರಕ್ಕೆ ಅಂಟಿಸುವವರು ಬಹಳ ಮಂದಿ. ಮುರ್ಜಾ ಆ ಪೈಕಿಯಲ್ಲ. ಅವರ ಸ್ಯಾಕ್ಸ್ ನುಡಿಕೆಯೇ ಲೌನೆಡ್ಡಾಸ್ ಉಸಿರಿನ ಮೇಲೆ ಕೂತಿರುತ್ತದೆ. ಅದು ಹೇಗೆ ಅಂತ ತಿಳಿಯಬೇಕಾದರೆ ಕೊಳವೆಯನ್ನೇ ಮಾಡಿ ನೋಡಬೇಕು ಅನ್ನಿಸಿತು.

ಲೌನೆಡ್ಡಾಸ್‌ಗೆ ಮೂರು ಕೊಳವೆ, ಮೂರಕ್ಕೂ ಒಂಟಿ ನಾಲಿಗೆಯ ಪೀಪಿ, ಅಂದರೆ ಊದಿದಾಗ ಅದುರಿ ಸ್ವರ ಹೊರಡಿಸುವ ತುಣುಕು. ಉದ್ದನೆಯದು ತುಂಬು. ಅದಕ್ಕೆ ಬೆರಳು ತೂತಿಲ್ಲ, ಒಂದೇ ಸ್ವರ, ನಮ್ಮ ಓಲಗದಲ್ಲಿ ಶ್ರುತಿಗೆಂದು ಊದುವ ಒತ್ತಿನ ಹಾಗೆ. ನಾನು ಸದ್ಯ ಮಾಡುತ್ತಿರುವುದು ಅದೊಂದನ್ನೇ. ವಾಟೆ ಬಿದಿರು, 85 ಸೆಂ.ಮೀ. ಚಿಲ್ಲರೆ, ಕೆಳಗಿನ ಜಿ. ನಾನು ನುಡಿಸುವ ಆಲ್ಟೋ ಸ್ಯಾಕ್ಸೊಫೋನಿನಲ್ಲಿ ಅದೇ ಸ್ವರಕ್ಕೆ ಇ ಅನ್ನುತ್ತೇವೆ. ಗಂಟು ಕೊರೆದಿದ್ದು, ದಾರ ಸುತ್ತಿದ್ದು ಎಲ್ಲ ನಿಮಗೆ ಗೊತ್ತಿರುವ ಕೆಲಸ, ಬಿಡಿ.

ತಾಪತ್ರಯ ಪೀಪಿಯದ್ದು. ವಾಟೆಯಲ್ಲೇ ನಾಲಿಗೆ ಸೀಳಿದರೆ ನಾರು ಒರಟು, ಒಂಬತ್ತು ಹಾಳಾದವು. ಆಮೇಲೆ ಹೊಳೆಯಿತು: ಸಾರ್ಡೀನಿಯಾದವರು ಪೀಪಿ ಕೊಯ್ಯುವ ಜೊಂಡು, ನಮ್ಮ ಸ್ಯಾಕ್ಸ್ ರೀಡಿನ ಜೊಂಡು ಎರಡೂ ಒಂದೇ, ಅರುಂಡೊ ಡೋನಾಕ್ಸ್. ಮುರ್ಜಾ ಕೈಯಲ್ಲಿ ಯಾವ ವಾದ್ಯವಿದ್ದರೂ ತುಟಿಗೆ ಸಿಗುವುದು ಅದೇ ಹುಲ್ಲು! ಡಬ್ಬಿ ತುಂಬ ಇದ್ದ ಸವೆದ ರೀಡುಗಳಲ್ಲಿ ಒಂದನ್ನು ಕಡ್ಡಿಯಗಲ ಸೀಳಿ, ಕೊಳವೆಯ ಕಿಂಡಿ ಮೇಲಿಟ್ಟು ರೇಷ್ಮೆ ದಾರದಲ್ಲಿ ಬಿಗಿದೆ. ಊದಿದ ತಕ್ಷಣ ಗುಂಯ್ ಅಂತ ನುಡಿಯಿತು. ನಾಲಿಗೆ ತುದಿಗೆ ಜೇನುಮೇಣ ಮೆತ್ತಿದರೆ ಭಾರವಾಗಿ ಸ್ವರ ಇಳಿಯುತ್ತದೆ, ಕೆರೆದರೆ ಏರುತ್ತದೆ. ಶ್ರುತಿ ಮಾಡಿದೆ. ಏಳು ನಿಮಿಷಕ್ಕೆ 28 ಸೆಂಟ್ ಕುಸಿಯಿತು.

ಸ್ಯಾಕ್ಸ್ ಬಿಸಿಯಾದ ಹಾಗೆ ಶ್ರುತಿ ಏರುವುದು ನಮಗೆಲ್ಲ ಗೊತ್ತು. ಇದು ಇಳಿಯುತ್ತಿದೆ! ಮೊದಲು ನನ್ನ ಉಸಿರನ್ನೇ ಅನುಮಾನಿಸಿದೆ. ಲೌನೆಡ್ಡಾಸನ್ನು ನಡುವೆ ನಿಲ್ಲಿಸದೆ ಊದಬೇಕು. ಕೆನ್ನೆಯಲ್ಲಿ ಗಾಳಿ ಹಿಡಿದು ಮೂಗಿನಿಂದ ಎಳೆದುಕೊಳ್ಳುವ ಕ್ಷಣದಲ್ಲಿ ಒತ್ತಡ ಸೋರುತ್ತಿರಬೇಕು ಅಂದುಕೊಂಡು, ಹದಿನೈದು ದಿನ ಲೋಟದ ನೀರಿಗೆ ಸ್ಟ್ರಾ ಇಟ್ಟು ಗುಳ್ಳೆ ನಿಲ್ಲದ ಹಾಗೆ ಊದಿದೆ. ಸಾರ್ಡೀನಿಯಾದ ಮಕ್ಕಳೂ ಹೀಗೇ ಕಲಿಯುತ್ತಾರೆ. ಉಸಿರು ಸುಧಾರಿಸಿತು, ತುಂಬು ಮಾತ್ರ ಇಳಿಯುತ್ತಲೇ ಇತ್ತು.

ಆಮೇಲೆ ಮೇಣದ ಮೇಲೆ ಕಣ್ಣು ಬಿತ್ತು. ಆನ್‌ಲೈನಿನಲ್ಲಿ 'ಅಪ್ಪಟ ಜೇನುಮೇಣ' ಅಂತ ತರಿಸಿದ್ದು ಉಗುರಲ್ಲಿ ಒತ್ತಿದರೆ ಪುಡಿಪುಡಿ, ಮೂಸಿದರೆ ಮೇಣದಬತ್ತಿ ವಾಸನೆ. ಪ್ಯಾರಾಫಿನ್ ಬೆರಕೆ! ಒದ್ದೆಯಾದ ಕೂಡಲೇ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ವಾಪಸ್ ತಗೊಳ್ಳಿ ಅಂದರೆ 'ಪ್ಯಾಕೆಟ್ ಒಡೆದಿದ್ದೀರಿ' ಅಂದರು. ಒಡೆಯದೆ ಮೂಸುವುದು ಹೇಗೆ? ಶಿರಸಿ ಕಡೆಯ ಜೇನು ಸಾಕುವವರೊಬ್ಬರು ಕಾಲು ಕೆ.ಜಿ. ಕಳಿಸಿಕೊಟ್ಟರು. ಹಳದಿ ಉಂಡೆ, ಬಿಚ್ಚಿದರೆ ಮನೆಯೆಲ್ಲ ಜೇನಿನ ಘಮ. ಬೆರಳ ಬಿಸಿಗೇ ಮೆತ್ತಗಾಗುತ್ತದೆ. ಚಕ್ಕೆ ಏಳುವುದು ನಿಂತಿತು. ಕುಸಿತ 28ರಿಂದ 22ಕ್ಕೆ ಬಂತು, ಅಷ್ಟೆ.

ದಾರಿ ತೋರಿಸಿದ್ದು ಅಟ್ಟದ ಮೇಲಿದ್ದ ಹಳೇ ಹಾರ್ಮೋನಿಯಂ. ಒಂದು ರೀಡ್ ಬಿಚ್ಚಿ ಆ ತೂತಿನಿಂದ ಅಕ್ವೇರಿಯಂ ಪೈಪ್ ಎಳೆದು ತುಂಬಿಗೆ ಜೋಡಿಸಿದೆ. ತಂಗಿ ತಿದಿ ಒತ್ತಿದಳು, ನಾನು ಟ್ಯೂನರ್ ನೋಡಿದೆ. ಕಾಲು ಗಂಟೆ ಕಳೆದರೂ ಮುಳ್ಳು ಅಲ್ಲೇ! ತಿದಿಯ ಗಾಳಿಗೂ ಬಾಯಿಯ ಗಾಳಿಗೂ ಇರುವ ದೊಡ್ಡ ವ್ಯತ್ಯಾಸ ಒಂದೇ: ಬಾಯಿಯದ್ದು ಒದ್ದೆ. ಪೀಪಿಯ ನಾಲಿಗೆ ನೀರು ಕುಡಿಯುತ್ತದೆ, ಭಾರವಾಗುತ್ತದೆ, ಮೆತ್ತಗಾಗುತ್ತದೆ, ಸ್ವರ ಇಳಿಯುತ್ತದೆ. ಅದೂ ನಮ್ಮ ಮಂಗಳೂರಿನ ಹವೆಯಲ್ಲಿ.

ವಾರ್ನಿಷ್ ಹಚ್ಚಲೇ ಅಂತ ಯೋಚಿಸುತ್ತಾ, ನಮ್ಮ ದೇವಸ್ಥಾನದ ಓಲಗದಲ್ಲಿ ಒತ್ತು ಊದುವ ಹಿರಿಯರೊಬ್ಬರಿಗೆ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ ಅಂದರು: "ಒಣಗಿದ್ದಕ್ಕೆ ಯಾರಾದ್ರೂ ಶ್ರುತಿ ಮಾಡ್ತಾರಾ ಮಾರಾಯ್ರೆ? ಮೊದ್ಲು ನೆನೆಯಲಿ. ಎಷ್ಟು ಇಳೀಬೇಕೋ ಇಳೀಲಿ. ಆಮೇಲೆ ಮೇಣ."

ಅಷ್ಟೇ! ನಿನ್ನೆ ಹಾಗೇ ಮಾಡಿದೆ. ಹತ್ತು ನಿಮಿಷ ಬಾಯಲ್ಲೇ ಇಟ್ಟು ಊದಿದೆ. ಮುಳ್ಳು ಇಳಿದು ಒಂದು ಕಡೆ ಕೂತಿತು. ನಾಲಿಗೆಯನ್ನು ಹತ್ತಿಬಟ್ಟೆಯಲ್ಲಿ ಒತ್ತಿ, ಬೆಚ್ಚಗಿನ ಸೂಜಿಮೊನೆಯಿಂದ ಸಾಸಿವೆಗಿಂತ ಸಣ್ಣ ಮೇಣದ ಹನಿ ತೆಗೆದೆ. ಸ್ವರ ಏರಿ ಸರಿಯಾಗಿ ಜಿಗೆ ಬಂತು. ಅಲ್ಲಿಂದ ಕದಲಲಿಲ್ಲ.

ಇವತ್ತು ಸಂಜೆ ಅದೇ ಹಿರಿಯರು ತುಂಬು ಊದಿದರು. ಉಸಿರು ಎಲ್ಲಿ ತಗೊಂಡರು ಅಂತ ಹತ್ತಿರ ಕೂತರೂ ತಿಳಿಯಲಿಲ್ಲ. ಮೇಲೆ ನಾನು ಆಲ್ಟೋ ಹಿಡಿದೆ. ಕದ್ರಿ ಗೋಪಾಲನಾಥರ ಊರಿನಲ್ಲಿ ಸ್ಯಾಕ್ಸಿಗೆ ಒತ್ತು ಕೂಡಿಸುವುದು ಹೊಸ ಮಾತೇನಲ್ಲ, ಅವರ ತಂದೆಯೇ ನಾಗಸ್ವರ ವಿದ್ವಾಂಸರು. ಆದರೆ ಈ ತುಂಬಿನ ಜಿನುಗು ತಂಬೂರಿಯದ್ದಲ್ಲ, ಶ್ರುತಿಪೆಟ್ಟಿಗೆಯದ್ದೂ ಅಲ್ಲ. ಅದರ ಒಳಗಿನ ಮೇಲುಸ್ವರಗಳು ನನ್ನ ಇ ಸ್ವರವನ್ನು ಎಳೆದು ತಮ್ಮ ಪಕ್ಕ ಕೂರಿಸಿಕೊಳ್ಳುತ್ತವೆ. ಮುರ್ಜಾ ಒಂದೇ ಸ್ವರದ ಮೇಲೆ ಅಷ್ಟು ಹೊತ್ತು ಯಾಕೆ ನಿಲ್ಲುತ್ತಾರೆ ಅಂತ ಇವತ್ತು ಕಿವಿಗೆ ತಿಳಿಯಿತು.

ಮುಂದಿನದು ಬೆರಳು ತೂತಿರುವ 'ಮಾಂಕೋಸಾ' ಆಗಬೇಕಿತ್ತು. ನಡುವೆ ಇನ್ನೊಂದು ತಲೆಗೆ ಹೊಕ್ಕಿದೆ. ಹಾವಾಡಿಗರ ಪುಂಗಿಯೂ ಇದೇ ಕುಲ: ಒಂಟಿ ನಾಲಿಗೆ, ಜೇನುಮೇಣ, ಒಂದು ಕೊಳವೆ ಬರೀ ಶ್ರುತಿಗೆ. ಅಲ್ಲಿ ಪೀಪಿ ಬುರುಡೆಯೊಳಗಿರುತ್ತದೆ, ತುಟಿಗೆ ತಾಗುವುದೇ ಇಲ್ಲ. ತುಂಬಿಗೂ ಒಂದು ಬುರುಡೆ ತೊಡಿಸಿದರೆ ಎಷ್ಟು ಇಳಿಯುತ್ತದೆ ಅಂತ ಅಳೆಯಬೇಕು. ಪುತ್ತೂರಿನ ಅತ್ತೆ ಬೀಜಕ್ಕೆಂದು ಬಿಟ್ಟ ಸೋರೆಕಾಯಿ ಅಟ್ಟದಲ್ಲಿ ಒಣಗುತ್ತಿದೆ. ಅಲ್ಲಾಡಿಸಿದರೆ ಬೀಜ ಸದ್ದು ಮಾಡಲು ಇನ್ನೂ ಹದಿನೈದು ದಿನ ಬೇಕಂತೆ.