ಪಟ್ಟಿಯಲ್ಲಿ ಎರಡು ಮಂಜೇಶ್ವರ

ಕಾಸರಗೋಡಿನ ಸಹಕಾರಿ ಸಂಘವೊಂದಕ್ಕೆ ಸದಸ್ಯರ ಲೆಕ್ಕ ಇಡುವ ತಂತ್ರಾಂಶವನ್ನು ಬರೆದುಕೊಟ್ಟಿದ್ದೆ. ಊರುವಾರು ಪಟ್ಟಿ ಅಚ್ಚಾದ ದಿನವೇ ಕಾರ್ಯದರ್ಶಿಯವರ ಫೋನ್ ಬಂತು. "ಮಂಜೇಶ್ವರ ಎರಡು ಸಲ ಬಂದಿದೆಯಲ್ಲ ಮಾರಾಯರೇ! ಒಂದರಲ್ಲಿ ಇನ್ನೂರು ಜನ, ಇನ್ನೊಂದರಲ್ಲಿ ಒಂಬತ್ತೇ ಜನ."

ಪರದೆಯ ಮೇಲೆ ಅಕ್ಷರ ಅಕ್ಷರ ಹೋಲಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕಂಪ್ಯೂಟರ್ ಅಕ್ಷರಗಳನ್ನು ಕೂಡಿಡುವ ಅಳತೆಯಾದ ಬೈಟುಗಳನ್ನು ಎಣಿಸಿದಾಗ ಗುಟ್ಟು ತಿಳಿಯಿತು: ಒಂದು 24, ಇನ್ನೊಂದು 27. 'ಜೇ' ಅಕ್ಷರದ ಏತ್ವವನ್ನು, ಲಿಪಿಗಳ ಚಿಹ್ನೆಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಎತ್ವದ ಮುಂದೆ ದೀರ್ಘದ ಗುರುತು ಇಟ್ಟು ಎರಡಾಗಿಯೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡೇ ಹೇಳುತ್ತದೆ. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟು ಬೇಕು. ಆ ಒಂಬತ್ತು ಜನರ ವಿವರ ಬಂದಿದ್ದ ಹಳೆಯ ಕಡತದಲ್ಲಿ ಬಿಡಿಸಿ ಬರೆದ ರೂಪವಿತ್ತು.

ತಂತ್ರಾಂಶ ಬರೆದದ್ದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. 2008ರಲ್ಲಿ ಬಂದ ಪೈಥಾನ್ 3 ಪಠ್ಯಕ್ಕೂ ಬೈಟುಗಳಿಗೂ ಬೇರೆ ಬೇರೆ ಟೈಪ್, ಅಂದರೆ ದತ್ತಾಂಶದ ಬಗೆ, ಕೊಟ್ಟಿತು. ಅವೆರಡನ್ನು ಕೂಡಿಸಲು ಹೋದರೆ ಅದು ಅಲ್ಲೇ ತಡೆಯುತ್ತದೆ. ಅಷ್ಟು ಸಾಕೆಂದು ನಂಬಿದ್ದೆ. ಆದರೆ ಇಲ್ಲಿ ಎರಡೂ ಸರಿಯಾದ ಸ್ಟ್ರಿಂಗುಗಳೇ, ಅಂದರೆ ಪಠ್ಯದ ಟೈಪಿನವೇ, ಆಗಿದ್ದವು. ಹೆಸರುಗಳನ್ನು ಹೋಲಿಸುತ್ತಿದ್ದೇನೆ ಎಂದು ನಾನು ಭಾವಿಸಿದ್ದೆ. ಪ್ರೋಗ್ರಾಂ ಹೋಲಿಸುತ್ತಿದ್ದುದು ಹೆಸರನ್ನು ಬರೆದಿಟ್ಟ ಬಗೆಯನ್ನು.

ಆಮೇಲೆ 'ಊರಹೆಸರು' ಎಂಬ ಪ್ರತ್ಯೇಕ ಟೈಪ್ ಮಾಡಿದೆ. ಹೊರಗಿನ ಸ್ಟ್ರಿಂಗ್ ಅದರೊಳಗೆ ಬರಲು ಒಂದೇ ಬಾಗಿಲು. ಅಲ್ಲಿ ಎಲ್ಲವೂ ಎನ್‌ಎಫ್‌ಸಿ ಎಂಬ, ಬಿಡಿಸಿ ಬರೆದ ಚಿಹ್ನೆಗಳನ್ನು ಒಂದಾಗಿಸುವ ಪ್ರಮಾಣರೂಪಕ್ಕೆ ಬರುತ್ತದೆ. ಹುಡುಕುವ, ಗುಂಪು ಮಾಡುವ ಫಂಕ್ಷನ್‌ಗಳು ಈ ಟೈಪನ್ನು ಮಾತ್ರ ಕೇಳುತ್ತವೆ. ಅವಸರದಲ್ಲಿ ಬರಿಯ ಸ್ಟ್ರಿಂಗ್ ಕೊಟ್ಟರೆ, ಪ್ರೋಗ್ರಾಂ ಓಡಿಸುವ ಮೊದಲೇ ಟೈಪುಗಳನ್ನು ಪರೀಕ್ಷಿಸುವ ಮೈಪೈ ಎಂಬ ಸಾಧನ ತಪ್ಪು ತೋರಿಸುತ್ತದೆ.

"ಹಾಗಾದರೆ ಮಲಯಾಳದ ಮಂಜೇಶ್ವರಂ ಕೂಡ ಇದೇ ಬಾಗಿಲಲ್ಲಿ ಮಂಜೇಶ್ವರ ಆಗಲಿ" ಎಂದರು ಸಹೋದ್ಯೋಗಿ. ನಾನು ಒಪ್ಪಲಿಲ್ಲ. ಏತ್ವದ ಎರಡು ರೂಪಗಳು ಒಂದೇ ಹೆಸರಿನ ಎರಡು ಬರೆವಣಿಗೆ. ಮಂಜೇಶ್ವರ, ಮಂಜೇಶ್ವರಂ ಎಂಬುವು ಎರಡು ಭಾಷೆಯವರು ಬಾಯ್ತುಂಬ ಕರೆಯುವ ಎರಡು ಹೆಸರುಗಳು. ಅವು ಕೂಡುವುದು ನೆಲದ ಮೇಲೆ. ಅದಕ್ಕಾಗಿ 'ಊರು' ಎಂಬ ಇನ್ನೊಂದು ಟೈಪ್ ಬೇಕಾಯಿತು: ಅದಕ್ಕೊಂದು ಸಂಖ್ಯೆ, ಅದರ ಕೆಳಗೆ ಕನ್ನಡದ ಹೆಸರು, ಮಲಯಾಳದ ಹೆಸರು. ಊರ ಹೆಸರನ್ನು ಇಷ್ಟು ಜತನದಿಂದ ಉಳಿಸಿಕೊಂಡ ಗಡಿನಾಡಿನಲ್ಲಿ, ಒಂದನ್ನು ಇನ್ನೊಂದರ ಕಾಗುಣಿತ ದೋಷವೆಂದು ಅಳಿಸುವ ಪ್ರೋಗ್ರಾಂ ಬರೆಯಲು ನನ್ನ ಕೈ ಬಾರದು.

ಪಟ್ಟಿ ಸಂಜೆಯೊಳಗೆ ಮತ್ತೆ ಅಚ್ಚಾಯಿತು. ಸದಸ್ಯರ ಹೆಸರುಗಳು ಮಾತ್ರ ಇನ್ನೂ ಬರಿಯ ಸ್ಟ್ರಿಂಗುಗಳಾಗಿಯೇ ಇವೆ. ಶೇಷಪ್ಪ, ಗೋಪಾಲ, ದೇವಕಿ ಎಲ್ಲರಿಗೂ ಅದೇ ಅಪಾಯವಿದೆ. ಆ ಕೆಲಸವನ್ನು ಈ ವಾರ ಕೈಗೆತ್ತಿಕೊಂಡಿದ್ದೇನೆ.