ಚಿಪ್ಪಿನ ಬೆಟ್ಟ

"ಮೇಡಂ, ಈ ಕಂದು ಗೆರೆ ಏನು?"

ಒಂಬತ್ತನೇ ಕ್ಲಾಸಿನ ಹುಡುಗ ಕೇಳಿದ. ನಾನು ಒಂಚೂರೂ ತಡಮಾಡದೆ "ಕಾಲುದಾರಿ ಕಣೋ" ಅಂದೆ. ಅವನು ನಕ್ಷೆಯ ಮೇಲೆ ಬೆರಳಿಟ್ಟು ನಮ್ಮೂರ ಗುಡ್ಡದ ಸುತ್ತ ಒಂದು ಸುತ್ತು ಹಾಕಿದ. ಇನ್ನೊಂದು ಗೆರೆ ಹಿಡಿದು ಇನ್ನೊಂದು ಸುತ್ತು. "ಈ ದಾರಿ ಎಲ್ಲಿಗೂ ಹೋಗಲ್ವಲ್ಲ ಮೇಡಂ. ಸುಮ್ನೆ ಸುತ್ತುತ್ತೆ."

ಪುಣ್ಯಕ್ಕೆ ಬೆಲ್ ಆಯಿತು.

ನಾನು ಓದಿದ್ದು ಎಚ್‌ಇಪಿ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಆದರೆ ನಮ್ಮ ಹೈಸ್ಕೂಲಿನ ಸಮಾಜ ವಿಜ್ಞಾನ ಅಂದರೆ ಒಂದೇ ಹೊದಿಕೆಯೊಳಗೆ ಆರು ವಿಷಯ. ಈ ಮೂರರ ಜೊತೆ ಸಮಾಜಶಾಸ್ತ್ರ, ಭೂಗೋಳ, ವ್ಯವಹಾರ ಅಧ್ಯಯನ. ಆರನ್ನೂ ಓದಿ ಬಂದ ಮೇಷ್ಟ್ರನ್ನು ನಾನಂತೂ ಈ 16 ವರ್ಷದಲ್ಲಿ ಕಂಡಿಲ್ಲ. ಓದದೇ ಇರುವುದನ್ನು ಹಿಂದಿನ ರಾತ್ರಿ ಓದಿಕೊಂಡು ಹೋಗುತ್ತೇವೆ. ಮಕ್ಕಳಿಗಿಂತ ಒಂದು ಪಾಠ ಮುಂದೆ, ಅಷ್ಟೆ.

ಆ ನಕ್ಷೆಯನ್ನು ತರಗತಿಗೆ ತಂದವಳೂ ನಾನೇ. ಸರ್ವೆ ಆಫ್ ಇಂಡಿಯಾದವರು 2017ರಲ್ಲಿ 1:50,000 ಅಳತೆಯ ನಕ್ಷೆಗಳನ್ನು ಪುಕ್ಕಟೆ ಡೌನ್‌ಲೋಡ್‌ಗೆ ಬಿಟ್ಟರು. ಆಗ ಆ ತಾಣಕ್ಕೆ ಇಟ್ಟ ಹೆಸರೇ 'ನಕ್ಷೆ'. ನಮ್ಮ ಕೆರೆ, ನಮ್ಮ ಹಳ್ಳ, ಪಕ್ಕದ ಊರಿನ ಗುಡಿ ಎಲ್ಲ ಅದರಲ್ಲಿದೆ. ತಿಪಟೂರಿನಲ್ಲಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದ್ದೆ. ಓದೋದು ಹೇಗೆ ಅಂತ ಮಾತ್ರ ನನಗೇ ಗೊತ್ತಿರಲಿಲ್ಲ.

ಅದೇ ತಿಂಗಳು ಐದು ದಿನದ ತರಬೇತಿಗೆ ಓಓಡಿ, ಅಂದರೆ ಶಾಲೆ ಬಿಟ್ಟು ಬೇರೆ ಕರ್ತವ್ಯಕ್ಕೆ ಹೋಗುವ ಆದೇಶ, ಬಂತು. ಎಲ್ಲಿ, ಯಾರು ಅಂತ ಬರೆಯಲ್ಲ. ಸಂಪನ್ಮೂಲ ವ್ಯಕ್ತಿಗಳು ಪಿಪಿಟಿ ಹಾಕಿ ಓದಿದರು. ನಾವೂ ಜೊತೆಗೆ ಓದಿದೆವು. ಮಧ್ಯಾಹ್ನ ಚಾರ್ಟ್ ಶೀಟ್ ಕೊಟ್ಟು ಗುಂಪು ಚಟುವಟಿಕೆ. ಅಕ್ಷರ ದುಂಡಗಿದ್ದ ಪಾಪದ ಮೇಡಂ ಒಬ್ಬರೇ ಬರೆಯೋದು, ಉಳಿದ ಏಳು ಜನ ಪಿಂಚಣಿ ವಿಷಯ ಮಾತಾಡೋದು. ಕೊನೆಗೆ ಗ್ರೂಪ್ ಫೋಟೊ. ಐದು ದಿನದಲ್ಲಿ "ಸೋಮವಾರ ಕ್ಲಾಸಿಗೆ ಹೋಗಿ ಇದನ್ನು ಮಾಡಿ" ಅಂತ ಒಂದು ಮಾತು ಯಾರಾದರೂ ಹೇಳುತ್ತಾರಾ ಅಂತ ಕಾದೆ. ಹೇಳಲಿಲ್ಲ.

ಆದರೂ ನಾನು ತರಬೇತಿಗೆ ಬೈಯಲ್ಲ. ಊಟದ ಹೊತ್ತು ಇದೆಯಲ್ಲ! ಮೂರನೇ ದಿನ ಊಟಕ್ಕೆ ಕೂತಾಗ ಪಕ್ಕದಲ್ಲಿದ್ದವರಿಗೆ ನನ್ನ ಕಾಲುದಾರಿ ಕಥೆ ಹೇಳಿಬಿಟ್ಟೆ. ಅವರು ಭೂಗೋಳದಲ್ಲಿ ಎಂಎ ಮಾಡಿದವರು. ನಗುತ್ತಾ ನಗುತ್ತಾ ಮಜ್ಜಿಗೆ ನೆತ್ತಿಗೇರಿಸಿಕೊಂಡರು. ಆಮೇಲೆ, "ಶನಿವಾರ ಬೆಳಗಿನ ಶಾಲೆ ಮುಗಿಸಿ ನಮ್ಮ ಸ್ಕೂಲಿಗೆ ಬನ್ನಿ. ಬರುವಾಗ ಅರ್ಧ ತೆಂಗಿನ ಚಿಪ್ಪು ತನ್ನಿ. ಕಣ್ಣಿರೋ ಭಾಗ" ಅಂದರು.

ಹೋದೆವು. ಮೇಜಿನ ಸುತ್ತ ಕೂತಿದ್ದ ಇನ್ನೂ ಮೂವರನ್ನು ಕರೆದುಕೊಂಡೇ ಹೋದೆ. ನನಗೊಬ್ಬಳಿಗೇ ಯಾಕೆ ನಾಚಿಕೆ, ಅಲ್ವಾ?

ಅವರು ಪ್ಲಾಸ್ಟಿಕ್ ಟಬ್‌ನಲ್ಲಿ ಚಿಪ್ಪನ್ನು ಬೋರಲು ಇಟ್ಟರು. ಪಕ್ಕದಲ್ಲಿ ಒಂದು ಸ್ಕೇಲ್ ನಿಲ್ಲಿಸಿದರು. ನೀರು ಹಾಕಿದ್ದೇ ತಡ, ಚಿಪ್ಪು ತೇಲಿತು. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಅವರು ಮೊಳೆ ತಗೊಂಡು ಚಿಪ್ಪಿನ ಕಣ್ಣು ಚುಚ್ಚಿದರು. ಬುಸ್ ಅಂತ ಗಾಳಿ ಹೋಯಿತು, ಚಿಪ್ಪು ತಳಕ್ಕೆ ಕೂತಿತು. ಒಂದು ಸೆಂಟಿಮೀಟರ್ ನೀರು ಹಾಕಿ, ನೀರಿನ ಅಂಚಿಗೆ ಸರಿಯಾಗಿ ವೈಟ್ನರ್ ಪೆನ್ನಿನಿಂದ ಸುತ್ತ ಗೆರೆ ಎಳೆದರು. ಎರಡನೇ ಸೆಂಟಿಮೀಟರ್, ಎರಡನೇ ಗೆರೆ. ನೆತ್ತಿ ಮುಳುಗುವ ತನಕ ಹೀಗೇ. ಆಮೇಲೆ ನೀರು ಚೆಲ್ಲಿ, "ಒಂದು ಕಣ್ಣು ಮುಚ್ಚಿ ಮೇಲಿಂದ ನೋಡಿ" ಅಂದರು.

ಒಂದರೊಳಗೊಂದು ಬಳೆ. ಗೋಡೆಯ ಮೇಲಿದ್ದ ನಮ್ಮೂರ ಗುಡ್ಡವೇ!

ಚಿಪ್ಪು ಇನ್ನೊಂದು ತಗೊಂಡು ಒಂದು ಬದಿಗೆ ಕಲ್ಲಿನ ಚೂರು ಕೊಟ್ಟು ಓರೆ ಮಾಡಿದರು. ಮತ್ತೆ ನೀರು, ಮತ್ತೆ ಗೆರೆ. ಈ ಸಲ ಒಂದು ಕಡೆ ಗೆರೆಗಳು ಒತ್ತೊತ್ತಾಗಿ ಬಂದವು, ಇನ್ನೊಂದು ಕಡೆ ದೂರ ದೂರ. ಒತ್ತಾಗಿರುವ ಕಡೆ ಕಡಿದಾದ ಏರು. ಗೆರೆ ದೂರ ಇರುವ ಕಡೆಯಿಂದ ದನವೂ ಹತ್ತಬಹುದು. ಇದಕ್ಕೇ ಸಮೋನ್ನತ ರೇಖೆ ಅನ್ನೋದು. ಒಂದು ಗೆರೆ ಹಿಡಿದು ನಡೆದರೆ ಹತ್ತೋದೂ ಇಲ್ಲ, ಇಳಿಯೋದೂ ಇಲ್ಲ. ನಮ್ಮ ನಕ್ಷೆಯಲ್ಲಿ ಒಂದು ಗೆರೆಯಿಂದ ಮುಂದಿನದಕ್ಕೆ 20 ಮೀಟರ್ ಎತ್ತರ. ನೆಲದ ಮೇಲಿನ ಒಂದು ಕಿಲೋಮೀಟರ್ ಕಾಗದದ ಮೇಲೆ ಎರಡು ಸೆಂಟಿಮೀಟರ್.

ಸೋಮವಾರ ಆ ಹುಡುಗನ ಕೈಗೇ ಟಬ್ ಕೊಟ್ಟೆ. "ಮೊನ್ನೆ ತಪ್ಪು ಹೇಳಿದ್ದೆ" ಅಂದೆ. ಕ್ಲಾಸ್ ಒಂದು ಗಳಿಗೆ ಸುಮ್ಮನಾಯಿತು. ಅವನಿಗೆ ಅದೆಲ್ಲ ಬೇಕಿರಲಿಲ್ಲ. ಮೊಳೆ ಯಾರು ಚುಚ್ಚೋದು ಅಂತ ಪಕ್ಕದವನ ಜೊತೆ ಜಗಳಕ್ಕೆ ನಿಂತಿದ್ದ.

ಈಗ ನಾವು ಐದು ಜನ ತಿಂಗಳಿಗೊಂದು ಶನಿವಾರ ಸೇರುತ್ತೇವೆ. ಆದೇಶ ಇಲ್ಲ, ಟಿಎ ಬಿಲ್ ಇಲ್ಲ, ಫೋಟೊ ಇಲ್ಲ. ಯಾರಿಗೆ ಏನು ಬರುತ್ತೋ ಅದನ್ನು ಮಿಕ್ಕವರಿಗೆ ಕಲಿಸೋದು. ಕಲಿಯುವವರು ಮಕ್ಕಳ ಬೆಂಚಿನ ಮೇಲೇ ಕೂರಬೇಕು, ಇದೊಂದೇ ನಿಯಮ.

ನನ್ನ ಸರದಿಗೆ ನಾನು ಬೆಂಬಲ ಬೆಲೆ ತಗೊಂಡೆ, ಅಂದರೆ ಬೆಳೆಗೆ ಸರ್ಕಾರ ಗೊತ್ತು ಮಾಡುವ ಕನಿಷ್ಠ ದರ. ನಮ್ಮ ಕಡೆ ಮಕ್ಕಳಿಗೆ ಕೊಬ್ಬರಿ ವಿಷಯ ಪುಸ್ತಕ ಹೇಳಿಕೊಡಬೇಕಿಲ್ಲ. ಕಾಯಿ ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಕೂತು, ಅಲ್ಲಾಡಿಸಿದರೆ ಒಳಗೆ ಗುಡುಗುಡು ಅಂದಾಗಲೇ ಉಂಡೆ ಕೊಬ್ಬರಿ ಆಯಿತು ಅಂತ ಅವರಿಗೆ ಗೊತ್ತು. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ ದರ 8,000ದ ಆಸುಪಾಸಿಗೆ ಬಿದ್ದಿತ್ತು. "ಸರ್ಕಾರ ಬೆಲೆ ಗೊತ್ತು ಮಾಡಿದ್ರೆ ಅಪ್ಪ ಯಾಕೆ ಕಮ್ಮಿಗೆ ಮಾರಿದ್ರು?" ಅಂತ ಒಬ್ಬ ಹುಡುಗಿ ಕೇಳಿದ್ದಳು. ಬೆಂಬಲ ಬೆಲೆ ವರ್ತಕರನ್ನು ಕಟ್ಟಿಹಾಕಲ್ಲ. ಸರ್ಕಾರದ ಪರವಾಗಿ ನಾಫೆಡ್ ಅನ್ನೋ ಸಹಕಾರಿ ಸಂಸ್ಥೆ ಕೊಂಡರೆ ಮಾತ್ರ ಆ ದರ. ಅದಕ್ಕೆ ನೋಂದಣಿ ಆಗಬೇಕು, ಕ್ಯೂ ನಿಲ್ಲಬೇಕು, ಇಷ್ಟೇ ಕ್ವಿಂಟಲ್ ಅನ್ನೋ ಮಿತಿ ಬೇರೆ. ಮಗಳ ಫೀಸು ನಾಳೆ ಕಟ್ಟಬೇಕಾದವನು ಕ್ಯೂ ಕಾಯಲ್ಲ. ನಾನು ಮನೆಮನೆಯಿಂದ ಕೊಬ್ಬರಿ ಮಾರಿದಾಗ ಸಿಕ್ಕ ಹಳೇ ಪಟ್ಟಿ ಚೀಟಿ ತರಿಸಿ ಈ ಪಾಠ ಮಾಡಿದ್ದೆ. ಐದು ಜನರಲ್ಲಿ ನಾಲ್ವರ ಮನೆಯಲ್ಲಿ ತೋಟ ಇದೆ. ಹಾಗಾಗಿ ಆ ಶನಿವಾರ ಪಾಠಕ್ಕಿಂತ ಜಗಳವೇ ಜಾಸ್ತಿ ಆಯಿತು.

ಆನ್‌ಲೈನ್‌ನಲ್ಲಿ ಏನಿಲ್ವಾ ಅಂದರೆ ಇದೆ. ಪುಸ್ತಕದ ಕ್ಯೂಆರ್ ಕೋಡ್‌ನಿಂದ ದೀಕ್ಷಾ ಅನ್ನೋ ಸರ್ಕಾರಿ ಕಲಿಕಾ ತಾಣಕ್ಕೆ ಹೋಗಬಹುದು. ಶಿಕ್ಷಕರೇ ಸೇರಿ ಬರೆದ ಕರ್ನಾಟಕದ ಮುಕ್ತ ಸಂಪನ್ಮೂಲ ತಾಣ ಇದೆ, ನಾನು ಪಾಠಯೋಜನೆಗೆ ಅಲ್ಲಿಂದ ತಗೊಳ್ತೀನಿ. ನಮ್ಮ ಶಾಲೆಯಲ್ಲಿ ಸಿಗ್ನಲ್ ಸಿಗೋದು ಗೇಟಿನ ಹುಣಸೆಮರದ ಕೆಳಗೆ ಮಾತ್ರ. ಅದಕ್ಕೆ ಎಲ್ಲವನ್ನೂ ರಾತ್ರಿ ಮನೆಯಲ್ಲೇ ಇಳಿಸಿಕೊಳ್ಳಬೇಕು. ವಾಟ್ಸಾಪ್ ಗುಂಪುಗಳ ಬಗ್ಗೆ ಮಾತು ಬೇಡ. ಜನವರಿ ಬಂದರೆ ಪರೀಕ್ಷೆ ಪಾಸಾಗೋಕೆ ಬೇಕಾದಷ್ಟನ್ನೇ ಆರಿಸಿದ ಪಾಸಿಂಗ್ ಪ್ಯಾಕೇಜ್‌ಗಳ ಮಳೆ, ಅದೂ ಒಂದೇ ಪಿಡಿಎಫ್ ಹನ್ನೊಂದು ಸಲ.

ಮುಂದಿನ ತಿಂಗಳು ವ್ಯವಹಾರ ಅಧ್ಯಯನದ ಸರದಿ. ಐವರಲ್ಲಿ ಒಬ್ಬರೂ ಕಾಮರ್ಸ್ ಓದಿಲ್ಲ. ನಮ್ಮ ಭೂಗೋಳದ ಮೇಡಂ ಯಜಮಾನರು ಬ್ಯಾಂಕಿನಲ್ಲಿ ಇದ್ದವರು, ಈಗ ರಿಟೈರ್ ಆಗಿದ್ದಾರೆ. ಅವರನ್ನೇ ಬೋರ್ಡ್ ಮುಂದೆ ನಿಲ್ಲಿಸೋದು ಅಂತ ತೀರ್ಮಾನ ಆಗಿದೆ. ಅವರಿಗೆ ಮಾತ್ರ ಇನ್ನೂ ಹೇಳಿಲ್ಲ.