ಎಷ್ಟು ಕೊಡುತ್ತದೆ?

ಭಾನುವಾರ ಬೆಳಿಗ್ಗೆ ಉಣಕಲ್ ಕೆರೆಯ ಹತ್ತಿರ ಕಾರು ನಿಲ್ಲಿಸಿ ಚಹಾಕ್ಕೆ ಹೇಳುವುದರೊಳಗೆ ಯಾರಾದರೊಬ್ಬರು ಬಂದೇ ಬರುತ್ತಾರೆ. ಮೊದಲು ಒಂದು ಪ್ರದಕ್ಷಿಣೆ. ಬಾನೆಟ್ಟಿನ ಮೇಲೆ ಬೆರಳಾಡಿಸುತ್ತಾರೆ, ಕಿಟಕಿಯೊಳಗೆ ತಲೆ ತೂರಿಸುತ್ತಾರೆ, ಸ್ಟೇರಿಂಗ್ ಪಕ್ಕದ ಗೇರು ನೋಡಿ ನಗುತ್ತಾರೆ. ಆಮೇಲೆ ಆ ಪ್ರಶ್ನೆ: 'ಎಷ್ಟು ಕೊಡುತ್ತದೆ?'

ಧಾರವಾಡಿ ಎಮ್ಮೆಯ ಮುಂದೆ ನಿಂತರೂ ನಮ್ಮ ಕಡೆಯವರು ಕೇಳುವುದು ಇದನ್ನೇ. ಎಮ್ಮೆಗಾದರೆ ಹೊತ್ತಿಗೆ ಇಷ್ಟು ಲೀಟರ್, ಕಾರಿಗಾದರೆ ಲೀಟರಿಗೆ ಇಷ್ಟು ಕಿಲೋಮೀಟರ್.

ನನ್ನದು 1982ರ ಪ್ರೀಮಿಯರ್ ಪದ್ಮಿನಿ. ಊರವರ ಬಾಯಲ್ಲಿ ಅದು ಫಿಯೆಟ್, ತಪ್ಪೇನಲ್ಲ. ಇಟಲಿಯ ಫಿಯೆಟ್ 1100 ಕಾರನ್ನೇ ಪ್ರೀಮಿಯರ್ ಕಂಪನಿ ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿತ್ತು. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. 1089 ಸಿ.ಸಿ. ಎಂಜಿನ್, ನಾಲ್ಕು ಗೇರು. 'ತಂದೆಯವರ ಕಾರೇ?' ಎಂದು ಕೆಲವರು ಆಸೆಯಿಂದ ಕೇಳುತ್ತಾರೆ. ಅಲ್ಲ. ನಮ್ಮ ತಂದೆ ಆಯುಷ್ಯವಿಡೀ ಸೈಕಲ್ ತುಳಿದವರು.

ಕಾರು ಶೆಡ್ಡಿನಿಂದ ಹೊರಬಿದ್ದ ಹೊಸತರಲ್ಲಿ ಈ ಮೈಲೇಜ್ ಪ್ರಶ್ನೆಗೆ ನನಗೆ ಸಿಟ್ಟು ಬರುತ್ತಿತ್ತು. ಎರಡು ವರ್ಷದ ದುಡಿಮೆ, ಹೊಸದಾಗಿ ಕ್ರೋಮ್ ಹಿಡಿಸಿದ ಬಂಪರು. ಆ ಬಂಪರಿನಲ್ಲೇ ಮುಖ ನೋಡಿಕೊಂಡು ಕ್ರಾಪು ತಿದ್ದಿಕೊಳ್ಳುತ್ತ ಮೈಲೇಜ್ ಕೇಳಿದರೆ ಏನೆನ್ನಬೇಕು? 'ಹದಿನಾಲ್ಕು' ಎಂದು ಸುಳ್ಳು ಹೇಳಿಬಿಡುತ್ತಿದ್ದೆ. ಕೇಳಿದವರು 'ಹೌದೇ' ಎಂದು ತಲೆಯಾಡಿಸುತ್ತಿದ್ದರು. ಒಬ್ಬರೂ ನಂಬುತ್ತಿರಲಿಲ್ಲ.

ನಿಜ ಗೊತ್ತಾದದ್ದು ಒಂದು ಏಪ್ರಿಲ್‌ನಲ್ಲಿ. ಟ್ಯಾಂಕನ್ನು ಬಾಯಿಮಟ ತುಂಬಿಸಿ ಗದಗಕ್ಕೆ ಹೊರಟೆ. ಹೋಗಿ ಬರಲು ಹೆಚ್ಚುಕಡಿಮೆ 120 ಕಿಲೋಮೀಟರ್. ಮರಳಿ ಬಂದು ಅದೇ ಬಂಕಿನಲ್ಲಿ ತುಂಬಿಸಿದರೆ ಲೆಕ್ಕ ಸಿಕ್ಕೀತು ಎಂಬ ಯೋಚನೆ. ಅಣ್ಣಿಗೇರಿ ಇನ್ನೂ ಬಂದಿರಲಿಲ್ಲ, ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ರಸ್ತೆಯ ಎರಡೂ ಕಡೆ ಬಿರುಕುಬಿಟ್ಟ ಎರೆಹೊಲ, ನೆರಳಿಗೆ ಒಂದು ಗಿಡವಿಲ್ಲ. ಅರ್ಧ ಗಂಟೆಯ ಮೇಲೆ ಒಂದು ಲಾರಿ ನಿಂತಿತು. ಇಳಿದ ಚಾಲಕರಿಗೆ ಅರವತ್ತರ ಮೇಲಿರಬೇಕು. ಏನಾಯಿತೆಂದು ಕೇಳಲಿಲ್ಲ. ಬಾನೆಟ್ ಎತ್ತಿ, ಎಂಜಿನ್ನಿನ ಮಗ್ಗುಲಿಗಿರುವ ಪೆಟ್ರೋಲ್ ಪಂಪಿಗೆ ಬೆರಳು ತಾಗಿಸಿ ಚಟಕ್ಕನೆ ಹಿಂದಕ್ಕೆಳೆದುಕೊಂಡರು. ಹೆಗಲ ಮೇಲಿನ ಟವೆಲನ್ನು ಕುಡಿಯುವ ನೀರಿನಲ್ಲಿ ತೋಯಿಸಿ, ಹಿಂಡದೆ ಹಾಗೆಯೇ ಪಂಪಿಗೆ ಸುತ್ತಿದರು. ಹಬೆ ಎದ್ದಿತು. ಕಾವಿಗೆ ಪೆಟ್ರೋಲು ನಳಿಕೆಯಲ್ಲೇ ಆವಿಯಾಗಿ, ಪಂಪು ಬರಿಯ ಆವಿಯನ್ನು ಹೀರುತ್ತಿತ್ತಂತೆ. ಹತ್ತು ನಿಮಿಷ ಸುಮ್ಮನೆ ಕುಳಿತು, 'ಈಗ ಸೆಲ್ಫ್ ಹೊಡೆಯಿರಿ' ಎಂದರು. ಹತ್ತಿಕೊಂಡಿತು.

ಹೊರಡುವಾಗ ಅವರೂ ಒಂದು ಪ್ರಶ್ನೆ ಕೇಳಿದರು. ಮೈಲೇಜಿನದಲ್ಲ. 'ಎರಡನೇ ಗೇರು ಈಗಲೂ ಸಿಕ್ಕಿಬೀಳುತ್ತದೆಯೇ?' ಅಷ್ಟರಲ್ಲೇ ತಿಳಿಯಿತು, ಇವರು ಹಿಂದೊಮ್ಮೆ ಫಿಯೆಟ್ ಓಡಿಸಿ ಉಂಡವರು. ಟವೆಲ್ ಮರಳಿ ಕೊಡಹೋದರೆ ಬೇಡವೆಂದರು. ಅದು ಈಗಲೂ ಡಿಕ್ಕಿಯಲ್ಲಿದೆ, ಏಪ್ರಿಲ್ ಮೇ ತಿಂಗಳಲ್ಲಿ ಕೆಲಸಕ್ಕೆ ಬರುತ್ತದೆ.

ಸಂಜೆ ಬಂಕಿನಲ್ಲಿ ಲೆಕ್ಕ ಹಾಕಿದರೆ ಹನ್ನೊಂದಕ್ಕೆ ಒಂದು ಕೂದಲಷ್ಟು ಕಡಿಮೆ. ಊರೊಳಗೆ ಒಂಬತ್ತು ದಾಟುವುದಿಲ್ಲ. ಎಲ್ಲ ತಪ್ಪೂ ಕಾರಿನದಲ್ಲ ಎನ್ನಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ, ಎಥನಾಲಿಗೆ ಪೆಟ್ರೋಲಿನ ಮೂರನೇ ಎರಡು ಪಾಲು ಕಸುವು ಮಾತ್ರ. ಸಾಲದ್ದಕ್ಕೆ ಅದು ಹಳೆಯ ರಬ್ಬರ್ ನಳಿಕೆಗಳನ್ನು ಮೆದುವಾಗಿಸಿ ತಿನ್ನುತ್ತದೆ, ಅವನ್ನೆಲ್ಲ ಬದಲಿಸಿದ್ದಾಯಿತು. 2000ದಲ್ಲಿ ಸೀಸದ ಪೆಟ್ರೋಲು ನಿಂತ ಮೇಲೆ ಹಳೆಯ ಎಂಜಿನ್ನುಗಳ ವಾಲ್ವ್ ಸೀಟುಗಳು, ಅಂದರೆ ವಾಲ್ವ್ ಕೂರುವ ಬಳೆಗಳು, ಬೇಗ ಸವೆಯುತ್ತವೆಂದು ಎಂಜಿನ್ನಿನ ಹೆಡ್ಡಿಗೆ ಗಟ್ಟಿ ಸೀಟು ಕೂರಿಸಿದ್ದೂ ಆಯಿತು. ಇಷ್ಟು ಮಾಡಿಯೂ ಹನ್ನೊಂದು.

ಆ ಪ್ರಶ್ನೆಯ ಮೇಲಿನ ಸಿಟ್ಟು ಇಳಿದದ್ದಕ್ಕೆ ಕಾರಣ ಬೇರೆ. ಮಾರಿದ ದಲ್ಲಾಳಿ ಇದನ್ನು 'ಮಹಾರಾಷ್ಟ್ರದ ಡಾಕ್ಟರೊಬ್ಬರ ಕಾರು, ವಾರಕ್ಕೊಮ್ಮೆ ತೆಗೆಯುತ್ತಿದ್ದರು' ಎಂದಿದ್ದ. ನಾನೂ ಎಲ್ಲರಿಗೂ ಹಾಗೆಯೇ ಹೇಳಿಕೊಂಡು ತಿರುಗಿದ್ದೆ. ಹಳೇ ಹುಬ್ಬಳ್ಳಿಯ ಟಿಂಕರಿಂಗ್ ಮೇಸ್ತ್ರಿ ಮಾತ್ರ ನಂಬಲಿಲ್ಲ. ಅವರು ಸಣ್ಣ ಸುತ್ತಿಗೆಯಿಂದ ಬಾಗಿಲನ್ನು ಅಂಗುಲ ಅಂಗುಲವಾಗಿ ತಟ್ಟುತ್ತ, ಕಲ್ಲಂಗಡಿ ಆರಿಸುವವರ ಹಾಗೆ ಕಿವಿಗೊಟ್ಟು ಕೇಳುತ್ತಾರೆ. ಠಣ್ ಎಂದರೆ ತಗಡು, ದಬ್ ಎಂದರೆ ಪುಟ್ಟಿ. ನನ್ನ ಕಾರು ಬಹುತೇಕ ದಬ್ ಎಂದಿತು. ಕೆರೆದ ಪುಟ್ಟಿಯೇ ಒಂದು ಬಕೆಟ್. ಹಾಗೆ ಕೆರೆಯುತ್ತ ಹೋದಂತೆ ಕೆನೆಬಣ್ಣದ ಕೆಳಗೆ ಬಾಗಿಲಲ್ಲಿ ಕಪ್ಪು ಕಂಡಿತು. ಛಾವಣಿ ಕೆರೆದರು: ಹಳದಿ. ಮೇಸ್ತ್ರಿ ನನ್ನ ಮುಖ ನೋಡಿ, 'ನಿಮ್ಮ ಡಾಕ್ಟರು ಮುಂಬಯಿಯಲ್ಲಿ ಬಾಡಿಗೆ ಹೊಡೆಯುತ್ತಿದ್ದರು' ಎಂದರು.

ಆ ರಾತ್ರಿ ಮೋಸ ಹೋದೆನೆಂದು ಕುದಿದೆ. ಬೆಳಗಾಗುವಷ್ಟರಲ್ಲಿ ಕುದಿ ಆರಿ, ಒಂಥರಾ ಹೆಮ್ಮೆ ಉಳಿಯಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು. ನನ್ನದು ಅದೇ ಬಳಗದ್ದು. ವಾರಕ್ಕೊಮ್ಮೆ ಔಷಧದ ಪೆಟ್ಟಿಗೆ ಹೊತ್ತ ಕಾರಲ್ಲ, ದಿನವಿಡೀ ದುಡಿದು ಒಂದು ಮನೆಯ ಒಲೆ ಉರಿಸಿದ ಕಾರು. ಅದನ್ನು 'ಎಷ್ಟು ಕೊಡುತ್ತದೆ' ಎಂದು ಕೇಳದೆ ಇನ್ನೇನು ಕೇಳಬೇಕು? ಡಿಕ್ಕಿಯ ಮುಚ್ಚಳದ ಒಳಮೈಯಲ್ಲಿ ಅಂಗೈಯಗಲ ಕಪ್ಪು ಬಣ್ಣವನ್ನು ಹಾಗೆಯೇ ಬಿಡಿಸಿದ್ದೇನೆ.

ಹಳೆಯ ಗಾಡಿ ಸಾಕಿಕೊಂಡವರ ನಮ್ಮ ಗುಂಪಿನಲ್ಲಿ ಹಾವೇರಿ ಕಡೆಯ ಗೆಳೆಯನೊಬ್ಬನದು ಮೂಗಿನ ಲಾರಿ, ಎಂಜಿನ್ ಮುಂದಕ್ಕೆ ಚಾಚಿಕೊಂಡದ್ದು. 1954ರಿಂದ 1969ರವರೆಗೆ ಜಮ್ಶೆಡ್‌ಪುರದಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆನ್ಜ್ ಜೊತೆಗೂಡಿ ತಯಾರಿಸಿದ ಲಾರಿಗಳಲ್ಲಿ ಒಂದು. ಮೂತಿಯ ಮೇಲೆ ಇನ್ನೂ ಆ ಮೂರು ಮೂಲೆಯ ನಕ್ಷತ್ರವಿದೆ. ಅವರ ಮನೆತನ ಬ್ಯಾಡಗಿ ಮೆಣಸಿನಕಾಯಿ ಸಾಗಿಸಿದ್ದು ಇದರಲ್ಲೇ. ಬಣ್ಣ ಹೊಸದು, ಹಿಂದಿನ ಹಲಗೆಗಳು ಮಾತ್ರ ಹಳೆಯವು. ಹಲಗೆಗೆ ಮೂಗು ತಾಗಿಸಿದರೆ ಈಗಲೂ ಸೀನು ಬರುತ್ತದೆ. ಅವನು ಎಲ್ಲರಿಗೂ ಮೊದಲು ಅದನ್ನೇ ಮಾಡಿಸುತ್ತಾನೆ. ವಿಜಯಾನಂದ ರೋಡ್‌ಲೈನ್ಸ್ 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುವಾದ ಸೀಮೆ ಇದು. ಇಲ್ಲಿ ಲಾರಿ ಎಂದರೆ ಎತ್ತಿನ ಲೆಕ್ಕ. ಸರಕಾರದ ಲೆಕ್ಕ ಬೇರೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಮಾತ್ರ ವಿಂಟೇಜ್. ಸರಕು ಹೊತ್ತ ಲಾರಿಗೆ ಆ ಮರ್ಯಾದೆ ಇಲ್ಲ. ನನ್ನ ಕಾರಿಗೆ 2032ರವರೆಗೆ ತಾಳ್ಮೆ ಬೇಕು. ಅಲ್ಲಿಯವರೆಗೆ ಅದು ಬರೀ ಹಳೆಯದು.

ಹೀಗಾಗಿ ಈಗ ಯಾರು ಕೇಳಿದರೂ 'ಹನ್ನೊಂದು' ಎನ್ನುತ್ತೇನೆ, ಡಿಕ್ಕಿ ತೆರೆದು ಕಪ್ಪು ತೋರಿಸುತ್ತೇನೆ. ಕೂಡಲೇ ಎರಡನೇ ಪ್ರಶ್ನೆ: 'ಎಷ್ಟಕ್ಕೆ ಕೊಡುತ್ತೀರಿ?' ಅದಕ್ಕೆ ಉತ್ತರಿಸದೆ ಕಾರು ಹತ್ತುತ್ತೇನೆ. ಕಳೆದ ಭಾನುವಾರ ಹಾಗೆ ಹತ್ತಿ ಗತ್ತಿನಿಂದ ಹೊರಟು ಹತ್ತು ಮಾರು ಹೋಗುವುದರೊಳಗೆ ಎರಡನೇ ಗೇರು ಸಿಕ್ಕಿಬಿತ್ತು. ಇಳಿದು, ಬಾನೆಟ್ ಎತ್ತಿ, ಗೇರಿನ ಸರಳನ್ನು ಕೈಯಿಂದ ಎಳೆದು ಬಿಡಿಸಿ ನೋಡಿದರೆ ಬೆಲೆ ಕೇಳಿದವರು ಆಗಲೇ ಅಂಗಿಯ ತೋಳು ಮಡಚಿ ಹಿಂದೆ ನಿಂತಿದ್ದರು, ತಳ್ಳಲು.